ಮೀನಿಗೆ ತಕ್ಕ ಗಾಳ

ಅಮೆರಿಕದ ಟೆಕ್ಸಾಸ್, ಒಕ್ಲಹೋಮ ರಾಜ್ಯಗಳಲ್ಲಿ ವಸಂತವು ಸಮೀಪಿಸುತ್ತಲೇ ‘ವೈಟ್ ಬಾಸ್’ ಎಂಬ ಬೆಳ್ಳಿಮೈಯ ಮೀನುಗಳು ಜಲಾಶಯಗಳನ್ನು ತೊರೆದು, ಮೊಟ್ಟೆಯಿಡಲು ನದಿಗಳಲ್ಲಿ ಎದುರೀಜುತ್ತವೆ. ಗಂಡುಗಳು ಮೊದಲು, ಹೆಣ್ಣುಗಳು ಅನಂತರ. ಹುಸಿನೊಣದ ಗಾಳ ಹಾಕುವವರಿಗೆ ಅದೇ ಸುಗ್ಗಿಯ ಕಾಲ.

ಎರೆಹುಳು ಚುಚ್ಚಿ ಕೆರೆಗೆ ಬಿಡುವ ಗಾಳಕ್ಕಿಂತ ಇದು ಭಿನ್ನವಾದುದು. ಪುಕ್ಕ, ಕೂದಲುಗಳಿಂದ ಕಟ್ಟಿದ ಹುಸಿನೊಣಕ್ಕೆ ತೂಕವೇ ಇಲ್ಲವೆನ್ನಬಹುದು. ಅದನ್ನು ದೂರಕ್ಕೆ ಒಯ್ಯುವುದು ದಾರದ ಭಾರ. ಆದುದರಿಂದ ದಾರಕ್ಕೂ ಕೋಲಿಗೂ ಒಂದೇ ಅಂಕೆಯಿರಬೇಕು. 6ನೆಯ ಅಂಕೆಯ ದಾರದ ಮೊದಲ 30 ಅಡಿಗಳ ತೂಕ ಸುಮಾರು 10 ಗ್ರಾಂ. ವೈಟ್ ಬಾಸ್ ಹಿಡಿಯಲು 9 ಅಡಿ ಉದ್ದದ, 5 ಅಥವಾ 6ನೆಯ ಅಂಕೆಯ ಕೋಲು ಸಾಕು. ಮೀನುಗಳು ಆಳದಲ್ಲಿದ್ದರೆ ತುದಿ ಮುಳುಗುವ ದಾರ ಬೇಕು. ಬಾಬ್ ಕ್ಲೌಸರ್ ರೂಪಿಸಿದ ‘ಕ್ಲೌಸರ್ ಮಿನ್ನೋ’ ಎಂಬ ಹುಸಿಮೀನು ತನ್ನ ಲೋಹದ ಕಣ್ಣುಗಳ ಭಾರದಿಂದಲೇ ಕೆಳಗಿಳಿಯುತ್ತದೆ. ಕೊಕ್ಕೆಯ ಮೊನೆ ಮೇಲ್ಮುಖವಾಗಿರುವುದರಿಂದ ತಳದ ಕಲ್ಲುಗಳಿಗೆ ಸಿಕ್ಕಿಕೊಳ್ಳುವುದು ವಿರಳ.

ಹಗುರವಾದಷ್ಟೂ ಒಳ್ಳೆಯದೆಂದೇನೂ ಇಲ್ಲ. ಕೋಲು ತೀರ ದುರ್ಬಲವಾದರೆ ಸೆಣಸಾಟವು ದೀರ್ಘವಾಗಿ, ಮರಳಿ ನೀರಿಗೆ ಬಿಟ್ಟ ಮೀನೂ ಬಳಲಿ ಸಾಯಬಹುದು. ಒಂದು ಹೆಣ್ಣು ಸತ್ತರೆ ಅದರೊಡನೆ ಲಕ್ಷಗಟ್ಟಲೆ ಮೊಟ್ಟೆಗಳೂ ನಷ್ಟವಾಗುತ್ತವೆ. ಟೆಕ್ಸಾಸಿನ ಸಾಮಾನ್ಯ ನಿಯಮದಂತೆ 10 ಇಂಚಿಗಿಂತ ಕಿರಿಯ ಮೀನನ್ನು ಇಟ್ಟುಕೊಳ್ಳುವಂತಿಲ್ಲ. ದಿನಕ್ಕೆ 25ನ್ನು ಮೀರುವಂತಿಲ್ಲ. ಹಾಗೆ ಬಿಡಬೇಕಾದ ಮೀನಿಗೆ ನೋವು ಕಡಿಮೆಯಾಗಲೆಂದು ಅನೇಕರು ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕುಳದಿಂದ ಮೊದಲೇ ಅದುಮಿಬಿಡುತ್ತಾರೆ. ಇದಕ್ಕೆ ತಗಲುವ ವೆಚ್ಚ ಏನೂ ಇಲ್ಲ.