ಪರದೇಶದ ಬಾಗಿಲಲ್ಲಿ ವಕೀಲ

ವ್ಯಾಜ್ಯವನ್ನು ತೀರ್ಮಾನಿಸುವಾಗ ದೇಶಾಚಾರವನ್ನೂ ನೋಡಬೇಕೆಂದು ನಮ್ಮ ಧರ್ಮಶಾಸ್ತ್ರಕಾರರು ವಿಧಿಸಿರುವರಷ್ಟೆ. ಆ ಮಾತಿನ ಬೆಲೆಯನ್ನು ಅಮೆರಿಕೆಯ ಒಂದು ವಕೀಲ ಸಂಸ್ಥೆಯ ಚರಿತ್ರೆಯಲ್ಲಿ ಕಾಣಬಹುದು.

ನ್ಯೂ ಮೆಕ್ಸಿಕೋ ಸೀಮೆಯಲ್ಲಿ ಬೆಳೆದ ರಸೆಲ್ ಬೇಕರನು ಸರಕಿನ ರೈಲುಗಾಡಿಯಲ್ಲಿ ಷಿಕಾಗೋ ನಗರವನ್ನು ಸೇರಿ, ನ್ಯಾಯಶಾಸ್ತ್ರವನ್ನೋದಿ, 1925ರಲ್ಲಿ ಸಹಪಾಠಿಯೊಡನೆ ವಕೀಲಿಯನ್ನಾರಂಭಿಸಿದನು. ಅಲ್ಲಿ ನೆಲಸಿದ್ದ ಮೆಕ್ಸಿಕೋ ಮೂಲದವರ ಪರವಾಗಿ ವಾದಿಸಿದನು. ಅನ್ಯದೇಶದ ಕಾನೂನಿನೆದುರು ದಿಕ್ಕುಗಾಣದೆ ನಿಲ್ಲುವವನ ಕಷ್ಟವನ್ನು ಅವರಲ್ಲಿಯೇ ಕಂಡಿರಬೇಕು. 1934ರಲ್ಲಿ ಅಬಾಟ್ ಎಂಬ ಔಷಧಿ ಕಂಪೆನಿಯು ತನ್ನ ವಿದೇಶದ ಕಾನೂನು ವ್ಯವಹಾರಗಳನ್ನು ಅವನಿಗೊಪ್ಪಿಸಿತು. 1949ರಲ್ಲಿ ಜಾನ್ ಮೆಕೆನ್ಜಿಯೊಡನೆ ಕೂಡಿ ಬೇಕರ್ ಮೆಕೆನ್ಜಿ ಸಂಸ್ಥೆಯನ್ನು ಸ್ಥಾಪಿಸಿದನು. 1955ರಲ್ಲಿ ವೆನೆಜುವೆಲದ ಕರಾಕಸ್ ನಗರದಲ್ಲಿ ಅದರ ಮೊದಲನೆಯ ವಿದೇಶದ ಕಚೇರಿ ತೆರೆಯಿತು.

ಆಯಾ ದೇಶದ ನ್ಯಾಯವನ್ನು ಬಲ್ಲ ಅಲ್ಲಿನ ವಕೀಲರನ್ನೇ ಪಾಲುಗಾರರನ್ನಾಗಿ ಮಾಡಿಕೊಂಡುದೇ ಅದರ ವೃದ್ಧಿಯ ಮರ್ಮ. 1981ರಲ್ಲಿ ಪ್ಯಾರಿಸಿನ ಕಚೇರಿಯನ್ನು ಸೇರಿದ ಫ್ರೆಂಚ್ ಮಹಿಳೆ ಕ್ರಿಸ್ಟೀನ್ ಲಗಾರ್ಡ್ 1999ರಲ್ಲಿ ಇಡೀ ಸಂಸ್ಥೆಗೆ ಅಧ್ಯಕ್ಷೆಯಾದರು. ಈಗ ನಲವತ್ತಕ್ಕೆ ಮಿಕ್ಕ ದೇಶಗಳಲ್ಲಿ ಅದರ ಕಚೇರಿಗಳುಂಟು.

ಆದರೆ ಈಗಿನ ಕಕ್ಷಿಗಾರರು ಮುಖ್ಯವಾಗಿ ದೊಡ್ಡ ಕಂಪೆನಿಗಳು. ಅಂದಿನ ಮೆಕ್ಸಿಕೋದವನಂತಹ ಬಡವನು ಇಂದು ಯಾರ ಬಾಗಿಲನ್ನು ತಟ್ಟಬೇಕು? ಮನೆ ದೊಡ್ಡದಾದಂತೆ ಬಾಗಿಲು ಕಿರಿದಾಗಬಾರದು.