ವೈರಸ್‌ಗೆ ಬಾಗಿಲು ತೆಗೆದವನು ನಾನೇ

ಹೋದ ವರ್ಷ ಪ್ರಾಜೆಕ್ಟ್ ಪ್ರಿಂಟ್ ತೆಗೆಸಲು ಹತ್ತಿಕುಣಿಯಿಂದ ಯಾದಗಿರಿಗೆ ಹೋಗಿದ್ದೆ. ಅಬ್ಬಾನ ಕಿರಾಣಿ ಅಂಗಡಿಯ ಉದ್ರಿ ಲೆಕ್ಕವಿದ್ದ ಪೆನ್‌ಡ್ರೈವನ್ನೇ ಒಯ್ದೆ; ಮನೆಯಲ್ಲಿ ಇದ್ದದ್ದು ಅದೊಂದೇ. ಮರಳಿ ಬಂದು ಕಂಪ್ಯೂಟರಿಗೆ ಹಾಕಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದವು. ಒತ್ತಿದೆ. ಕಂಪ್ಯೂಟರಿಗೂ ವೈರಸ್ ಹತ್ತಿತು. ರಿಪೇರಿಯವರು ಎರಡನ್ನೂ ಫಾರ್ಮ್ಯಾಟ್ ಮಾಡಿ ಕೊಟ್ಟರು. ಅಬ್ಬಾ ಎರಡು ರಾತ್ರಿ ಕುಳಿತು ನೆನಪಿನಿಂದ ಲೆಕ್ಕ ಬರೆದರು. ಕೆಲವು ಗಿರಾಕಿಗಳು ತಾವೇ ಬಂದು ಬಾಕಿ ಎಷ್ಟೆಂದು ಹೇಳಿದರು. ಎಲ್ಲರೂ ಅಲ್ಲ.

ಹೆಚ್ಚು ಸಂಕಟವಾದದ್ದು ಆಮೇಲೆ. ಈ ಬಗೆಯ ವೈರಸ್ ಸಾಮಾನ್ಯವಾಗಿ ಫೈಲುಗಳನ್ನು ಅಳಿಸುವುದಿಲ್ಲ, ಬಚ್ಚಿಡುತ್ತದೆ; ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟು ನಾವು ಒತ್ತುವುದನ್ನು ಕಾಯುತ್ತದೆ. ಬಚ್ಚಿಟ್ಟ ಫೈಲುಗಳನ್ನು ತೋರಿಸುವ ಸೆಟ್ಟಿಂಗ್ ವಿಂಡೋಸ್‌ನಲ್ಲೇ ಇದೆ. ಫಾರ್ಮ್ಯಾಟ್ ಮಾಡುವ ಮೊದಲು ಅದನ್ನು ನೋಡಿದ್ದರೆ ಲೆಕ್ಕ ಸಿಗುತ್ತಿತ್ತೇನೋ.

ಆದರೆ ರಿಪೇರಿಯವರನ್ನು ಬೈದು ಏನು ಪ್ರಯೋಜನ? ವಿಂಡೋಸ್ 10ರಲ್ಲಿ ಡಿಫೆಂಡರ್ ಎಂಬ ಕಾವಲುಗಾರ ಪುಕ್ಕಟೆ ಇರುತ್ತಾನೆ. ಅವನನ್ನು ಆಫ್ ಮಾಡಿದ್ದು ನಾನು, ಗೆಳೆಯ ಕೊಟ್ಟ ಕ್ರ್ಯಾಕ್ ಟ್ಯಾಲಿ ಹಾಕಲು. ಕಾಮರ್ಸ್‌ನವರಿಗೆ ಇದು ಹೊಸದಲ್ಲ. ಟ್ಯಾಲಿಯ ಎಜುಕೇಶನ್ ಮೋಡ್ ಪುಕ್ಕಟೆಯೇ ಇದೆ. ಅದರಲ್ಲಿ 1, 2ನೇ ತಾರೀಖಿನಂಥ ಕೆಲವೇ ದಿನಗಳಿಗೆ ಎಂಟ್ರಿ ಹಾಕಬಹುದು ಎಂಬುದಷ್ಟೇ ಅಡಚಣೆ. ಕಲಿಯುವವರು ಜರ್ನಲ್ ಎಂಟ್ರಿಯನ್ನು 2ನೇ ತಾರೀಖಿಗೆ ಹಾಕಿದರೇನು, 17ಕ್ಕೆ ಹಾಕಿದರೇನು? ಡೆಬಿಟ್ ಡೆಬಿಟ್ಟೇ.

ನಮ್ಮ ಕಡೆ ವೈರಸ್ ಹೆಚ್ಚಾಗಿ ದೋಸ್ತಿಯ ದಾರಿಯಲ್ಲೇ ಬರುತ್ತದೆ ಎಂದು ನನಗನಿಸುತ್ತದೆ. "ಆಂಟಿವೈರಸ್ ಆಫ್ ಮಾಡಿ ಹಾಕು" ಎಂದು ಯಾರು ಏನೇ ಕೊಟ್ಟರೂ ಬೇಡ ಎನ್ನಬೇಕು. ಸ್ಕ್ಯಾನ್ ಮಾಡದೆ ಪೆನ್‌ಡ್ರೈವ್ ತೆರೆಯಬಾರದು ಎಂಬ ನಿಯಮ ನಮ್ಮ ಲ್ಯಾಬ್‌ನಲ್ಲೂ ಬರಲಿ. ಐದು ನಿಮಿಷ ಹೋಗುತ್ತದೆ, ಹೋಗಲಿ.

ನಮಗೆ ಬಂದದ್ದು ಸಣ್ಣ ವೈರಸ್. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಸುಮಾರು 150 ದೇಶಗಳಲ್ಲಿ ಕಂಪ್ಯೂಟರಿನ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಅದನ್ನು ತಡೆಯುವ ವಿಂಡೋಸ್ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಾನೂ ಅಪ್‌ಡೇಟ್ ಬಂದಾಗಲೆಲ್ಲ "ಆಮೇಲೆ" ಒತ್ತುತ್ತಿದ್ದವನೇ. ಡೇಟಾ ಉಳಿಸಬೇಕಲ್ಲ, ರಾತ್ರಿ ಕ್ರಿಕೆಟ್ ಇರುತ್ತದೆ.

ಅಬ್ಬಾ ಈಗ ಕೆಂಪು ಬಹಿಯಲ್ಲೂ ಬರೆಯುತ್ತಾರೆ. ನಾನು ವಾರಕ್ಕೊಮ್ಮೆ ಲೆಕ್ಕವನ್ನು ಇನ್ನೊಂದು ಪೆನ್‌ಡ್ರೈವಿಗೆ ಕಾಪಿ ಮಾಡಿ, ಅಮ್ಮಿಯ ಟ್ರಂಕಿನಲ್ಲಿ ಇಡುತ್ತೇನೆ. ಅದನ್ನು ಯಾವ ಅಂಗಡಿಗೂ ಒಯ್ಯುವುದಿಲ್ಲ.