ನೋಡಿದ್ದಕ್ಕೂ ದುಡ್ಡು ಕೊಡಬೇಕು

ಕಂಪ್ಯೂಟರ್ ಪರದೆ ಮಿಣುಕತೊಡಗಿದರೆ ನಮ್ಮಲ್ಲಿ ಬರುವ ತೀರ್ಪು ಒಂದೇ: ಡಿಸ್‌ಪ್ಲೇ ಹೋಗಿದೆ, ಹೊಸದು ಹಾಕಿಸಿ. ಬಳ್ಳಾರಿಯ ಜೀನ್ಸ್ ಘಟಕದ ಲೆಕ್ಕದ ಮೇಜಿರಲಿ, ಸಿರುಗುಪ್ಪದ ಅಕ್ಕಿ ಗಿರಣಿಯ ಆಫೀಸಿರಲಿ, ಕುರುಗೋಡಿನ ಜೆರಾಕ್ಸ್ ಅಂಗಡಿಯಿರಲಿ, ಮಾನಿಟರಿನ ಹಿಂಬದಿಗೆ ಕೈ ಹೋಗುವ ಮೊದಲೇ ಈ ಮಾತು ಬಂದುಬಿಡುತ್ತದೆ. ರಿಪೇರಿಯವರಿಗೆ ಕೆಲಸ ಗೊತ್ತಿಲ್ಲ ಎಂದು ದೂರುವುದು ಸುಲಭ. ನನಗೆ ಕಾಣುವುದು ಬೇರೆ. ಸಾಮಾನು ಬದಲಿಸಿದರೆ ನಾವು ಚೌಕಾಸಿ ಮಾಡಿಯಾದರೂ ದುಡ್ಡು ಕೊಡುತ್ತೇವೆ. ದೋಷ ಎಲ್ಲಿದೆ ಎಂದು ಹುಡುಕಿಕೊಟ್ಟರೆ ‘ಬರೀ ನೋಡಿದ್ದಕ್ಕೂ ದುಡ್ಡಾ?’ ಎನ್ನುತ್ತೇವೆ. ಹುಡುಕುವ ಕೆಲಸಕ್ಕೆ ಕೂಲಿಯೇ ಇಲ್ಲದ ಮೇಲೆ ಯಾರು ತಾನೇ ಹುಡುಕುತ್ತಾರೆ?

ಹುಡುಕುವುದೇನೂ ಮಹಾ ವಿದ್ಯೆಯಲ್ಲ, ಆದರೆ ಅದಕ್ಕೊಂದು ಕ್ರಮವಿದೆ. ಮಾನಿಟರಿನ ಗುಂಡಿ ಒತ್ತಿದರೆ ಬೆಳಕು ಹೆಚ್ಚುಕಡಿಮೆ ಮಾಡುವ ಮೆನು ಮೂಡುತ್ತದಲ್ಲ, ಅದನ್ನು ತೋರಿಸುವುದು ಸಿಪಿಯು ಅಲ್ಲ, ಸ್ವತಃ ಮಾನಿಟರ್. ಹಿಂದಿನ ಚಿತ್ರ ನಡುಗುತ್ತಿದ್ದು ಮೆನು ಮಾತ್ರ ಅಲುಗದೆ ನಿಂತಿದ್ದರೆ ಮಾನಿಟರ್ ಬಹುತೇಕ ನಿರ್ದೋಷಿ. ಕೇಬಲ್ ಕಿತ್ತ ಮೇಲೆ ಬರುವ ‘ನೋ ಸಿಗ್ನಲ್’ ಚೌಕವೂ ಮಿಣುಕಿದರೆ ಮಾತ್ರ ಮಾನಿಟರಿನ ಮೇಲೋ ಅದಕ್ಕೆ ಬರುವ ಕರೆಂಟಿನ ಮೇಲೋ ಅನುಮಾನ ಪಡಬೇಕು. ಇನ್ನು ಕೇಬಲ್ಲಿನ ವಿಷಯ. ನೀಲಿ ತುದಿಯ ವಿಜಿಎ ಕೇಬಲ್ಲಿನಲ್ಲಿ 15 ಪಿನ್ನುಗಳ ಜಾಗ, ಎರಡು ಬದಿಗೆ ಎರಡು ತಿರುಪು. ಆ ತಿರುಪುಗಳನ್ನು ಬಿಗಿಯದೆ ಹಾಗೇ ಸಿಕ್ಕಿಸಿಬಿಡುವುದು ನಮ್ಮ ರೂಢಿ. ಮೇಜು ಒರೆಸುವಾಗಲೆಲ್ಲ ಕೇಬಲ್ ಸಡಿಲಾಗುತ್ತದೆ. ಅದೂ ಸರಿಯಿದ್ದರೆ ಮೈಕ್ರೋಸಾಫ್ಟ್ ಕಂಪನಿಯೇ ಹೇಳುವ ಪರೀಕ್ಷೆಯೊಂದಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಬೇಕು. ಉಳಿದದ್ದರ ಜೊತೆ ಅದೂ ಮಿಣುಕಿದರೆ ದೋಷ ಡಿಸ್‌ಪ್ಲೇ ಡ್ರೈವರಿನದಿರಬಹುದು. ಅದೊಂದು ನೆಟ್ಟಗಿದ್ದರೆ ಯಾವುದೋ ಸಾಫ್ಟ್‌ವೇರ್ ಹೊಂದಿಕೊಳ್ಳುತ್ತಿಲ್ಲ. ಲ್ಯಾಪ್‌ಟಾಪಿನಲ್ಲಾದರೆ ಮುಚ್ಚಳ ಮೇಲೆ ಕೆಳಗೆ ಆಡಿಸಿದಾಗ ಮಿಣುಕು ಹೆಚ್ಚಾದರೆ, ಕೀಲಿನೊಳಗೆ ಹಾದುಹೋಗುವ ಪಟ್ಟಿ ಕೇಬಲ್ಲಿನ ಕಡೆಗೆ ಮೊದಲು ನೋಡಬೇಕು. ಇಷ್ಟಕ್ಕೆ ಹಿಡಿಯುವುದು ಹತ್ತು ಹದಿನೈದು ನಿಮಿಷ.

ನಮ್ಮ ಕಡೆಗೆ ಇನ್ನೊಂದು ಮಾತು ಸೇರಿಸಲೇಬೇಕು. ಬಳ್ಳಾರಿ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಮಾನಿಟರಿನ ಪವರ್ ಬೋರ್ಡಿನಲ್ಲಿರುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳ ಆಯುಸ್ಸು, ಶಾಖ ಪ್ರತಿ 10 ಡಿಗ್ರಿ ಏರಿದಂತೆ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಅಂದಾಜು ಸೂತ್ರ. ಗಾಳಿಕಿಂಡಿಗೆ ಧೂಳು ಕಟ್ಟಿಕೊಂಡರೆ ಒಳಗಿನ ಶಾಖ ಇನ್ನೂ ಏರುತ್ತದೆ. ಕೆಟ್ಟ ಕೆಪಾಸಿಟರ್ ಎಷ್ಟೋ ಸಲ ಕಣ್ಣಿಗೇ ಕಾಣುತ್ತದೆ: ಚಪ್ಪಟೆಯಾಗಿರಬೇಕಾದ ತಲೆ ಉಬ್ಬಿರುತ್ತದೆ, ಕೆಲವೊಮ್ಮೆ ಕಂದು ರಸ ಒಸರಿರುತ್ತದೆ. ಅದರ ಬೆಲೆ ಕೆಲವೇ ರೂಪಾಯಿ. ‘ಎಲ್ಲಾ ವೋಲ್ಟೇಜ್ ಕಾಟ, ಜೆಸ್ಕಾಂನವರನ್ನು ಕೇಳಿ’ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಗಿರಣಿಯ ದೊಡ್ಡ ಮೋಟಾರು ನೇರವಾಗಿ ಶುರುವಾಗುವಾಗ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಅದೇ ಲೈನಿನ ದೀಪಗಳೆಲ್ಲ ಒಮ್ಮೆ ಮಂಕಾಗುತ್ತವೆ. ಆದರೆ ಈಗಿನ ಹೆಚ್ಚಿನ ಮಾನಿಟರುಗಳ ಹಿಂದಿನ ಚೀಟಿಯಲ್ಲಿ 100ರಿಂದ 240 ವೋಲ್ಟ್ ಎಂದೇ ಬರೆದಿರುತ್ತದೆ. ಅಷ್ಟು ಏರಿಳಿತ ತಾಳಬೇಕಾದದ್ದು ಸಣ್ಣ ಕುಸಿತಕ್ಕೇ ಮಿಣುಕಿದರೆ ಕೆಪಾಸಿಟರ್ ಸೊರಗಿರಬೇಕು, ಇಲ್ಲವೇ ಪ್ಲಗ್ಗು ಸಡಿಲವಿರಬೇಕು, ಅರ್ಥಿಂಗ್ ನೆಟ್ಟಗಿಲ್ಲದಿರಬೇಕು. ಅದನ್ನು ನೋಡದೆ ಅದೇ ಪ್ಲಗ್ಗಿಗೆ ಹೊಸ ಮಾನಿಟರ್ ಸಿಕ್ಕಿಸಿದರೆ ಏನು ಪ್ರಯೋಜನ?

ಹೊಸದೇ ನಾಲ್ಕೈದು ಸಾವಿರಕ್ಕೆ ಸಿಗುವಾಗ ಇಷ್ಟೆಲ್ಲ ಯಾಕೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪ್ಯಾನೆಲ್ಲೇ ಒಡೆದಿದ್ದರೆ ಹೊಸದೇ ಅಗ್ಗ, ನಿಜ. ಆದರೆ ಪ್ಯಾನೆಲ್ ಕೆಟ್ಟಿದೆ ಎಂದು ತಿಳಿಯುವುದೂ ನೋಡಿದ ಮೇಲೆಯೇ ತಾನೆ? ಇನ್ನೊಂದು ಆಕ್ಷೇಪ, ನೋಡುವ ಕೂಲಿ ಕೊಟ್ಟರೂ ಸುಳ್ಳು ಹೇಳುವವರು ಹೇಳುತ್ತಾರೆ ಎಂಬುದು. ಇದಕ್ಕೆ ಉತ್ತರ ಈ ಊರುಗಳಲ್ಲೇ ಇದೆ. ಸುಟ್ಟ ಪಂಪ್‌ಸೆಟ್ ಮೋಟಾರನ್ನು ರೈತ ಸಾಮಾನ್ಯವಾಗಿ ಎಸೆಯುವುದಿಲ್ಲ, ರಿವೈಂಡಿಂಗ್ ಅಂಗಡಿಗೆ ಹೊರುತ್ತಾನೆ. ಅಲ್ಲಿ ಮೋಟಾರು ಬಿಚ್ಚಿ ಕರಕಲಾದ ಸುರುಳಿಯನ್ನು ಎದುರಿಗೇ ತೋರಿಸುತ್ತಾರೆ, ತಾಮ್ರದ ತಂತಿಯನ್ನು ತೂಕ ಮಾಡಿ ಲೆಕ್ಕ ಹೇಳುತ್ತಾರೆ. ನಂಬಿಕೆ ಹುಟ್ಟುವುದು ಬಿಚ್ಚಿ ತೋರಿಸುವುದರಿಂದ. ಉಬ್ಬಿದ ಕೆಪಾಸಿಟರನ್ನೂ, ನಡುಗದೆ ನಿಂತ ಮೆನುವನ್ನೂ ಹಾಗೆಯೇ ತೋರಿಸಬಹುದು. (ಹಳೆಯ ಡಬ್ಬಿ ಮಾನಿಟರನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.)

ಮೊದಲು ಬದಲಾಗಬೇಕಾದದ್ದು ಸರ್ಕಾರಿ ಕಚೇರಿ. ಭೂಮಿ ಯೋಜನೆ ಬಂದಂದಿನಿಂದ ಪಹಣಿಗೆ ಕಂಪ್ಯೂಟರೇ ಗತಿ; ನಾಡಕಚೇರಿಯ ಒಂದು ಪರದೆ ಮಿಣುಕಿದರೆ ಹೊರಗಿನ ಸಾಲು ನಿಂತಲ್ಲೇ ನಿಲ್ಲುತ್ತದೆ. ರಿಪೇರಿಯ ಹಕ್ಕಿನ ಚೌಕಟ್ಟು ರೂಪಿಸಲು ಕೇಂದ್ರ ಸರ್ಕಾರ 2022ರ ಜುಲೈಯಲ್ಲಿ ಸಮಿತಿ ಮಾಡಿತು. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮಗಳೂ ಜಾರಿಗೆ ಬಂದವು. ಎರಡೂ ಬೇಕಾದವೇ, ಆದರೆ ಮುಖ್ಯವಾಗಿ ಅವು ಕಂಪನಿಗಳನ್ನು ಕುರಿತವು. ತಾಲ್ಲೂಕು ಮಟ್ಟದಲ್ಲಿ ಬೇಕಾದದ್ದು ಇದಕ್ಕಿಂತ ಸಣ್ಣದು: ವಾರ್ಷಿಕ ನಿರ್ವಹಣೆಯ ಗುತ್ತಿಗೆಯಲ್ಲಿ ತಪಾಸಣೆಗೆ ಬೇರೆ ದರ, ಮತ್ತು ಬಿಲ್ಲಿನಲ್ಲಿ ‘ಮಾನಿಟರ್ ಬದಲಿಸಿದೆ’ ಎಂಬುದರ ಮೇಲೊಂದು ಸಾಲು, ದೋಷ ಏನಿತ್ತು, ಹೇಗೆ ಗೊತ್ತಾಯಿತು ಎಂದು. ಒಂದು ವರ್ಷದ ಅಂಥ ಬಿಲ್ಲುಗಳನ್ನು ಜೋಡಿಸಿಟ್ಟು ನೋಡಿದಾಗ ಒಂದೇ ಕೋಣೆಯ ಪರದೆಗಳು ಮತ್ತೆ ಮತ್ತೆ ಕೆಡುತ್ತಿರುವುದು ಕಂಡರೆ, ಕರೆಸಬೇಕಾದದ್ದು ಕಂಪ್ಯೂಟರ್ ಅಂಗಡಿಯವರನ್ನಲ್ಲ, ವೈರಿಂಗ್‌ನವರನ್ನು.